ಅಂಗಳಕ್ಕೆ ಬರಲಿ ತಂಗಡಿ

ಅಕ್ಟೋಬರ್ ತಿಂಗಳ ಒಂದು ಬೆಳಗು. ಶಿರಾ ದಾಟಿ ಹಿರಿಯೂರಿನತ್ತ ಹೊರಟ ಬಸ್ಸಿನ ಕಿಟಕಿಯಾಚೆ ಒಂದೆರಡು ಹದಮಳೆ ಕಂಡ ಕೆಂಪು ನೆಲ. ಶೇಂಗಾ ಕಿತ್ತ ಹೊಲಗಳು, ಬದುವಿನ ಮೇಲೆ ಒಣಗಲು ಬಿಟ್ಟ ಶೇಂಗಾ ಬಳ್ಳಿ, ಕಲ್ಲುಗುಡ್ಡದ ಇಳಿಜಾರಿನಲ್ಲಿ ಚೆದುರಿಕೊಂಡ ಕುರಿಮಂದೆ. ಇವುಗಳ ನಡುವೆ, ರಸ್ತೆಯ ಮಗ್ಗುಲಲ್ಲಿ, ಗೋಮಾಳದಲ್ಲಿ, ಕೆರೆಯಂಗಳದ ಏರುದಿಣ್ಣೆಯಲ್ಲಿ ಎದೆಮಟ್ಟದ ಪೊದೆಗಳು ಮೈತುಂಬ ಹಳದಿ ಹೂ ಹೊತ್ತು ನಿಂತಿವೆ. ಅವನ್ನು ಯಾರೂ ನೆಟ್ಟಿಲ್ಲ, ಯಾರೂ ನೀರು ಹೊಯ್ದಿಲ್ಲ. ಕುರಿಗಳು ಸುತ್ತಲಿನ ಹುಲ್ಲನ್ನು ಬುಡಮಟ್ಟ ಮೇಯುತ್ತವೆ. ಈ ಪೊದೆಯನ್ನು ಮೂಸಿ ಮುಂದೆ ಹೋಗುತ್ತವೆ.

ಇದೇ ತಂಗಡಿ. ಕೆಲವು ಕಡೆ ತಂಗಟೆ, ತಂಗಡಿಕೆ. ಇನ್ನು ಕೆಲವು ಕಡೆ ಆವರಿಕೆ, ಹೊನ್ನಾವರಿಕೆ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಯಾರಿಗೂ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಅದೇ ಬಯಲುಸೀಮೆಯ ಪೇಟೆಗಳಲ್ಲಿ ಮನೆ ಕಟ್ಟಿದವರು ಕಾಂಪೌಂಡಿನೊಳಗೆ ಹಳದಿ ಹೂವಿನ ಗಿಡ ಬೇಕೆಂದಾಗ ನರ್ಸರಿಯಿಂದ ತರುವುದು ಅಮೆರಿಕ ಖಂಡದ ಟೆಕೋಮಾವನ್ನೋ ಅಲಮಂಡವನ್ನೋ. ನಿವೇಶನ ಸಮ ಮಾಡುವಾಗ ಜೆಸಿಬಿ ಕಿತ್ತು ಮೂಲೆಗೆ ತಳ್ಳಿದ ಪೊದೆಗಳಲ್ಲಿ ತಂಗಡಿಯೂ ಇದ್ದಿತು ಎಂಬುದು ಯಾರ ಗಮನಕ್ಕೂ ಬಂದಿರುವುದಿಲ್ಲ.

ನೀರಿನ ಟ್ಯಾಂಕರ್‌ಗೆ ಕಾಯುವ ಊರುಗಳಲ್ಲಿ ಹೂದೋಟ ಮಾಡುವವರು ಮೊದಲು ನೆಡಬೇಕಾದ ಪೊದೆ ಇದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ, ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಕಲ್ಲುನೆಲದ ಹಸಿರು

ಸಸ್ಯಶಾಸ್ತ್ರದಲ್ಲಿ ತಂಗಡಿಯ ಹೆಸರು ಸೆನ್ನಾ ಆರಿಕ್ಯುಲೇಟಾ. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ ಎಂದಿರುತ್ತದೆ, ಎರಡೂ ಒಂದೇ. ಇದು ದ್ವಿದಳ ಜಾತಿಯ ಗಿಡ, ಯುಗಾದಿಯ ಹೊತ್ತಿಗೆ ಗೊಂಚಲು ಇಳಿಬಿಡುವ ಕಕ್ಕೆ ಮರದ ಹತ್ತಿರದ ಸಂಬಂಧಿ. ಭಾರತದ ಒಣನಾಡುಗಳು ಮತ್ತು ಶ್ರೀಲಂಕಾದ ಒಣಪ್ರದೇಶ ಇದರ ತವರು. ನಮ್ಮಲ್ಲಿ ಚಿತ್ರದುರ್ಗ, ತುಮಕೂರು, ಬಳ್ಳಾರಿ, ಕೋಲಾರ ಸೀಮೆಯ ಕುರುಚಲು ಕಾಡುಗಳಲ್ಲಿ, ಕಾವಲುಗಳಲ್ಲಿ, ಗುಡ್ಡದ ಬುಡಗಳಲ್ಲಿ ಧಾರಾಳವಾಗಿ ಕಾಣುತ್ತದೆ.

ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಬೀಳುವ, ಅದೂ ನಾಲ್ಕೈದು ಬಾರಿ ಸುರಿದು ಕೈಬಿಡುವ ನೆಲದಲ್ಲಿ ಈ ಪೊದೆ ಎಲೆ ಉದುರಿಸದೆ ಹಸಿರಾಗಿ ನಿಲ್ಲುತ್ತದೆ. ಅದಕ್ಕೆ ಮುಖ್ಯ ಕಾರಣ ತಾಯಿಬೇರು. ಬೀಜ ಮೊಳೆತ ದಿನದಿಂದ ಗಿಡದ ಶಕ್ತಿಯೆಲ್ಲ ಮೊದಲು ಕೆಳಕ್ಕೆ ಹೋಗುತ್ತದೆ. ಮೇಲೆ ಗೇಣುದ್ದದ ಸಸಿ ಕಾಣುವಾಗ ನೆಲದೊಳಗೆ ಬೇರು ಅದಕ್ಕಿಂತ ಬಹಳ ಆಳಕ್ಕೆ ಇಳಿದಿರುತ್ತದೆ. ಎಲೆಗಳೂ ಸಣ್ಣವು: ಒಂದು ದಂಟಿನ ಎರಡೂ ಬದಿಗೆ ಎಂಟರಿಂದ ಹನ್ನೆರಡು ಜೊತೆ ಕಿರುಎಲೆಗಳು. ಅಗಲವಾದ ಎಲೆಯ ಗಿಡ ಮಧ್ಯಾಹ್ನದ ಬಿಸಿಲಿಗೆ ಬಾಡಿ ಜೋಲುವಾಗ ಇದು ನೆಟ್ಟಗಿರುತ್ತದೆ.

ಗುರುತು ಹಿಡಿಯಲು ಇನ್ನೊಂದು ನಂಬಿಕಸ್ತ ಲಕ್ಷಣವಿದೆ. ಪ್ರತಿ ಎಲೆದಂಟು ಕೊಂಬೆಗೆ ಸೇರುವ ಜಾಗದಲ್ಲಿ ಕಿವಿಯಾಕಾರದ, ಅಗಲವಾದ ಎರಡು ಹಸಿರು ಹಾಳೆಗಳಿರುತ್ತವೆ. ಇದರ ಕುಲದ ಬೇರೆ ಹಳದಿ ಹೂವಿನ ಗಿಡಗಳಲ್ಲಿ ಇಷ್ಟು ದೊಡ್ಡ 'ಕಿವಿ' ಸಾಮಾನ್ಯವಾಗಿ ಕಾಣುವುದಿಲ್ಲ. ಕಾಯಿ ಚಪ್ಪಟೆ, ತೆಳು. ಒಣಗಿದಾಗ ಕಾಗದದಂತಾಗಿ ಗಾಳಿಗೆ ಚರಚರ ಸದ್ದು ಮಾಡುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಬೀಜಗಳು ಸಾಲಾಗಿ, ಒಂದೊಂದು ತನ್ನ ಗುಳಿಯಲ್ಲಿ ಕೂತಿರುವುದು ಕಾಣುತ್ತದೆ.

ದನ, ಕುರಿ, ಮೇಕೆ ಇದರ ತಂಟೆಗೆ ಹೋಗದಿರುವುದು ಗಿಡಕ್ಕೆ ದೊಡ್ಡ ಅನುಕೂಲ. ಬೇರೆ ಗಿಡಗಳನ್ನೆಲ್ಲ ಮೇಯ್ದು ಮುಗಿಸಿದ ಗೋಮಾಳದಲ್ಲೂ ತಂಗಡಿ ಉಳಿಯುವುದು ಇದರಿಂದಲೇ. ಕಾಂಪೌಂಡಿನ ಹೊರಗೆ, ಬೀದಿದನಗಳ ಕಾಟವಿರುವ ಕಡೆ ಏನು ನೆಟ್ಟರೂ ಉಳಿಯುವುದಿಲ್ಲ ಎಂದು ಕೈಚೆಲ್ಲಿದವರು ಈ ಒಂದು ಗುಣಕ್ಕಾಗಿಯೇ ಇದನ್ನು ಆರಿಸಿಕೊಳ್ಳಬಹುದು.

ಹೂವಿನೊಳಗೆ ಕಣ್ಣಿಟ್ಟರೆ

ದೂರದಿಂದ ನೋಡಿದರೆ ತಂಗಡಿ ಹೂವು ಐದೆಸಳಿನ ಸಾಮಾನ್ಯ ಹಳದಿ ಹೂವು. ಒಂದನ್ನು ಕೈಗೆ ತೆಗೆದುಕೊಂಡು ನೋಡಿ. ಎಸಳುಗಳು ಒಂದೇ ಅಳತೆಯವಲ್ಲ, ಅಂಚು ನಿರಿಗೆ ಹಿಡಿದಂತಿದೆ. ನಡುವೆ ಹತ್ತು ಕೇಸರಗಳು. ಮೇಲಿನ ಮೂರು ಬಂಜೆ, ಅವುಗಳಲ್ಲಿ ಪರಾಗವಿಲ್ಲ. ನಡುವಿನವು ಗಿಡ್ಡ. ಕೆಳಗಿನವು ಉದ್ದವಾಗಿ, ಬಾಗಿ, ಗಟ್ಟಿಯಾಗಿವೆ. ಅವುಗಳ ಪಕ್ಕದಲ್ಲಿ ಹಸಿರು ಕೊಕ್ಕಿನಂತೆ ಬಾಗಿದ್ದೇ ಮುಂದೆ ಕಾಯಾಗುವ ಭಾಗ.

ಈ ಹೂವಿನಲ್ಲಿ ಮಕರಂದವಿಲ್ಲ. ದುಂಬಿಗೆ ಸಿಗುವುದು ಪರಾಗ ಮಾತ್ರ, ಅದೂ ಸುಲಭಕ್ಕೆ ಸಿಗುವುದಿಲ್ಲ. ಬೇರೆ ಹೂಗಳಲ್ಲಿ ಪರಾಗದ ಚೀಲ ಉದ್ದಕ್ಕೆ ಸೀಳಿ ಪುಡಿ ಹೊರಗೆ ಬೀಳುತ್ತದೆ. ತಂಗಡಿಯಲ್ಲಿ ಚೀಲದ ತುದಿಗೆ ಸಣ್ಣ ರಂಧ್ರವಷ್ಟೇ ಇದೆ. ಉಪ್ಪಿನ ಡಬ್ಬಿಯನ್ನು ಅಲುಗಾಡಿಸಿದ ಹಾಗೆ ಅಲುಗಾಡಿಸಿದರೆ ಮಾತ್ರ ಪುಡಿ ಉದುರುತ್ತದೆ.

ಆ ಕೆಲಸಕ್ಕೆ ಬರುವುದು ಹಳೆಯ ತೊಲೆ, ಬಿದಿರುಗಳಲ್ಲಿ ತೂತು ಕೊರೆದು ಮನೆ ಮಾಡುವ ದೊಡ್ಡ ಕರಿದುಂಬಿ. ಬೆಳಗ್ಗೆ ಹೂವಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಇದನ್ನು ಕಿವಿಯಿಂದಲೇ ಗುರುತಿಸಬಹುದು. ಹಾರುವಾಗಿನ ಗುಂಯ್ ಸದ್ದು ಹೂವಿನ ಮೇಲೆ ಕೂತ ತಕ್ಷಣ ನಿಂತು, ಅದಕ್ಕಿಂತ ಸಣ್ಣ ದನಿಯ ಚುರುಕಾದ ಝೇಂಕಾರ ಶುರುವಾಗುತ್ತದೆ. ದುಂಬಿ ರೆಕ್ಕೆಗಳನ್ನು ಬಡಿಯದೆ, ಹಾರಲು ಬಳಸುವ ಎದೆಯ ಸ್ನಾಯುಗಳನ್ನಷ್ಟೇ ಕಂಪಿಸುತ್ತಿರುತ್ತದೆ. ಆ ಕಂಪನಕ್ಕೆ ಗಿಡ್ಡ ಕೇಸರಗಳಿಂದ ಅದರ ಆಹಾರ ಉದುರುತ್ತದೆ. ಅದೇ ವೇಳೆಗೆ ಉದ್ದ ಕೇಸರಗಳು ದುಂಬಿಯ ಮೈಗೆ, ಅದರ ಕಾಲಿಗೆ ಸುಲಭವಾಗಿ ನಿಲುಕದ ಜಾಗಕ್ಕೆ, ಪರಾಗ ಸಿಡಿಸುತ್ತವೆ. ಮುಂದಿನ ಗಿಡಕ್ಕೆ ಹೋಗುವುದು ಈ ಪರಾಗ. ಒಂದು ಪಾಲು ದುಂಬಿಗೆ, ಇನ್ನೊಂದು ಪಾಲು ಗಿಡದ ವಂಶಕ್ಕೆ. ಹೀಗೆ ಒಂದೇ ಹೂವಿನಲ್ಲಿ ಎರಡು ಬಗೆಯ ಕೇಸರಗಳು ಯಾಕಿರುತ್ತವೆ ಎಂಬ ಪ್ರಶ್ನೆಯನ್ನು ಚಾರ್ಲ್ಸ್ ಡಾರ್ವಿನ್ ತಮ್ಮ ಕೊನೆಯ ವರ್ಷಗಳಲ್ಲೂ ಬಿಟ್ಟಿರಲಿಲ್ಲ.

ನಮ್ಮ ತುಡುವೆ, ಹೆಜ್ಜೇನುಗಳಿಗೆ ಹೀಗೆ ಕಂಪಿಸುವ ವಿದ್ಯೆ ಗೊತ್ತಿಲ್ಲ. ಅವು ಬಂದರೂ ಚೆಲ್ಲಿದ್ದನ್ನು ಆಯ್ದುಕೊಂಡು ಹೋಗುತ್ತವೆ. ನೀಲಿಪಟ್ಟೆಯ ಒಂಟಿ ಜೇನಿಗೆ ಈ ವಿದ್ಯೆ ಗೊತ್ತು. ಬದನೆ, ಟೊಮೆಟೊ ಹೂಗಳಿಗೂ ಇದೇ ಬಗೆಯ ಕಂಪನದ ಅಗತ್ಯವಿದೆ. ಹಿತ್ತಿಲಲ್ಲಿ ಬದನೆ ಹಾಕಿದವರು ಬೇಲಿಯಲ್ಲಿ ತಂಗಡಿ ಬೆಳೆಸಿದರೆ ಆ ದುಂಬಿಗಳು ವರ್ಷದ ಹೆಚ್ಚಿನ ಕಾಲ ಆಸುಪಾಸಿನಲ್ಲೇ ಇರುತ್ತವೆ.

ಚಿಟ್ಟೆಗಳ ವಿಷಯ ಬೇರೆ. ಅವು ಬರುವುದು ಎಲೆಗಾಗಿ. ಎಮಿಗ್ರಂಟ್ ಎಂದು ಕರೆಯುವ ತಿಳಿಹಳದಿ, ಹಸಿರುಬಿಳುಪಿನ ಚಿಟ್ಟೆಗಳೂ ಗ್ರಾಸ್ ಯೆಲ್ಲೋ ಎಂಬ ಪುಟ್ಟ ಹಳದಿ ಚಿಟ್ಟೆಗಳೂ ಈ ಕುಲದ ಗಿಡಗಳ ಎಳೆ ಎಲೆಯ ಮೇಲೆ ಮೊಟ್ಟೆಯಿಡುತ್ತವೆ. ಮಳೆಗಾಲದಲ್ಲಿ ಎಲೆಯ ಬಣ್ಣದ್ದೇ ಹುಳುಗಳು ಕೊಂಬೆ ಬೋಳಾಗುವಷ್ಟು ತಿನ್ನುವುದುಂಟು. ಗಾಬರಿಯಾಗಿ ಔಷಧಿ ಹೊಡೆಯಬೇಡಿ. ಗಿಡ ಮತ್ತೆ ಚಿಗುರುತ್ತದೆ, ಅಂಗಳದಲ್ಲಿ ಚಿಟ್ಟೆ ಹಾರುತ್ತದೆ.

ಚಕ್ಕೆ, ತೊಗಲು, ಕಪಿಲೆ

ತಂಗಡಿಯ ಹೂವಿಗಿಂತ ಮೊದಲು ಲೋಕಕ್ಕೆ ಬೇಕಾಗಿದ್ದುದು ಅದರ ತೊಗಟೆ. ಒಣ ತೊಗಟೆಯ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಟ್ಯಾನಿನ್, ಅಂದರೆ ಎಳೆ ಬಾಳೆಕಾಯಿ ಅಗಿದಾಗ ನಾಲಿಗೆಗೆ ಹತ್ತುವ ಒಗರಿನ ಅಂಶ. ಹಸಿ ಚರ್ಮ ಎರಡು ದಿನಕ್ಕೆ ಕೊಳೆಯುತ್ತದೆ. ಚರ್ಮದ ನಾರುಗಳಿಗೆ ಟ್ಯಾನಿನ್ ಗಟ್ಟಿಯಾಗಿ ಅಂಟಿಕೊಂಡಾಗ ಕೊಳೆಸುವ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ. ತೊಗಲು ಹದವಾಗುವುದು ಎಂದರೆ ಇದೇ.

ಹಳ್ಳಿಯ ಹದಕಾರರ ವಿಧಾನ ಹೀಗಿತ್ತು. ಚರ್ಮವನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ಹೆರೆದು ತೆಗೆಯುವುದು. ತೊಳೆದು, ಕುಟ್ಟಿದ ತಂಗಡಿ ಚಕ್ಕೆಯ ನೀರಿನ ಗುಂಡಿಯಲ್ಲಿ ದಿನಗಟ್ಟಲೆ ಮುಳುಗಿಸಿ, ಆಗಾಗ ಮಗುಚುವುದು. ಕೆಲವರು ಚರ್ಮವನ್ನೇ ಚೀಲದ ಹಾಗೆ ಹೊಲಿದು, ಒಳಗೆ ಚಕ್ಕೆ ಮತ್ತು ನೀರು ತುಂಬಿ, ಮರದ ಅಡ್ಡೆಗೆ ತೂಗುಹಾಕುತ್ತಿದ್ದರು. ನೀರು ಚರ್ಮದ ಮೂಲಕವೇ ಜಿನುಗಿ ಇಳಿಯುತ್ತ ಹದ ಮಾಡುತ್ತಿತ್ತು. ತಂಗಡಿಯಲ್ಲಿ ಹದವಾದ ತೊಗಲು ಬಿಸಿಲು ತಾಗಿದರೆ ಕೆಂಪಾಗುತ್ತದೆ. ಅದನ್ನು ತಡೆಯಲು ಕೊನೆಗೆ ಅಳಲೆಕಾಯಿಯ ನೀರಿನಲ್ಲಿ ಅದ್ದಿ ತೆಗೆಯುವುದು.

ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲ ಬಾನಿ, ಎತ್ತಿನ ಕೊರಳಪಟ್ಟಿ, ನೊಗದ ಮಿಣಿ, ರೈತ ಮೆಟ್ಟುವ ಕೆರ, ಇವೆಲ್ಲಕ್ಕೂ ಇಂಥ ತೊಗಲೇ ಬೇಕಿತ್ತು. ಪಂಪ್‌ಸೆಟ್ ಬರುವ ಮುಂಚಿನ ಬಯಲುಸೀಮೆಯ ತೋಟಗಾರಿಕೆಯ ಹಿಂದೆ ಈ ಪೊದೆ ಇತ್ತು, ಅದರ ಚಕ್ಕೆ ಸುಲಿದು ಕುಟ್ಟಿದ ಮಾದಿಗ, ಸಮಗಾರ ಸಮುದಾಯಗಳ ಕೈಗಳಿದ್ದವು. ಯಾವ ಕೊಂಬೆಯ ಚಕ್ಕೆ ಬಲಿತಿದೆ, ಎಷ್ಟು ದಿನಕ್ಕೆ ಗುಂಡಿಯ ನೀರು ಬದಲಿಸಬೇಕು ಎಂಬ ಆ ಜ್ಞಾನವನ್ನು ರಸಾಯನಶಾಸ್ತ್ರವೆಂದು ಯಾರೂ ಗೌರವಿಸಲಿಲ್ಲ. ಬಾನಿಯ ನೀರು ಕುಡಿದ ಊರೇ ಬಾನಿ ಹೊಲಿದವರನ್ನು ಹೊರಗಿಟ್ಟಿತ್ತು. ತಂಗಡಿಯ ಚರಿತ್ರೆ ಬರೆಯುವಾಗ ಈ ಮಾತನ್ನು ಬಿಟ್ಟು ಬರೆಯಲಾಗದು.

ಬ್ರಿಟಿಷರ ಕಾಲದಲ್ಲಿ ಮದರಾಸು ಕಡೆಯಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಅರೆ ಹದಗೊಳಿಸಿದ ತೊಗಲು ಇದೇ ಚಕ್ಕೆಯಲ್ಲಿ ತಯಾರಾಗುತ್ತಿತ್ತು. ತಮಿಳಿನಲ್ಲಿ ಈ ಗಿಡ ಆವಾರಂ, ಹಾಗಾಗಿ ವ್ಯಾಪಾರದ ಕಡತಗಳಲ್ಲಿ ಆವಾರಂ ಚಕ್ಕೆ ಎಂಬ ಹೆಸರೇ ನಿಂತಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಆಫ್ರಿಕಾದಿಂದ ವಾಟಲ್ ಮರದ ಚಕ್ಕೆ ಬರತೊಡಗಿತು. ಇದರಲ್ಲಿ ಟ್ಯಾನಿನ್ ಇನ್ನೂ ಹೆಚ್ಚು, ಒಂದೇ ಕಡೆ ರಾಶಿಗಟ್ಟಲೆ ಸಿಗುತ್ತಿತ್ತು. ತಂಗಡಿ ಹಿಂದೆ ಬಿತ್ತು. ಆಮೇಲೆ ಕ್ರೋಮ್ ಉಪ್ಪಿನಲ್ಲಿ ಹದ ಮಾಡುವ ವಿಧಾನ ಬಂದು ಚಕ್ಕೆಯ ಕಾಲವೇ ಬಹುಮಟ್ಟಿಗೆ ಮುಗಿಯಿತು.

ಟ್ಯಾನಿನ್‌ಗಾಗಿಯೇ ನೀಲಗಿರಿ ಮತ್ತು ಪಳನಿ ಬೆಟ್ಟಗಳ ಹುಲ್ಲುಗಾವಲುಗಳಲ್ಲಿ ವಾಟಲ್ ತೋಪುಗಳನ್ನು ಎಬ್ಬಿಸಲಾಯಿತು. ಆಸ್ಟ್ರೇಲಿಯಾ ಮೂಲದ ಆ ಮರ ತೋಪು ಬಿಟ್ಟು ಹೊರಗೂ ಹಬ್ಬಿ, ಶೋಲಾ ಕಾಡಿನ ನಡುವಿನ ಹುಲ್ಲುಗಾವಲುಗಳನ್ನು ನುಂಗಿತು. ಇಂದು ಅದನ್ನು ಕಿತ್ತು ಹಾಕಲು ಅಲ್ಲಿನ ಅರಣ್ಯ ಇಲಾಖೆ ಹೆಣಗುತ್ತಿದೆ. ಬಯಲುಸೀಮೆಯ ಬಂಜರಿನಲ್ಲಿ ಬಿಟ್ಟಿಯಾಗಿ ಬೆಳೆಯುತ್ತಿದ್ದ ಪೊದೆಯನ್ನು ಕೈಬಿಟ್ಟುದರ ಬೆಲೆಯನ್ನು ಬೆಟ್ಟಗಳು ತೆತ್ತವು.

ಹಬ್ಬಕ್ಕೆ ಬೇಕು

ತೆಲಂಗಾಣದವರು ಈ ಹೂವನ್ನು ಬಿಟ್ಟುಕೊಟ್ಟಿಲ್ಲ. ಅಲ್ಲಿ ಇದು ತಂಗೇಡು. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ನಡೆಯುವ ಬತುಕಮ್ಮ ಹಬ್ಬದಲ್ಲಿ ಹಿತ್ತಾಳೆ ತಟ್ಟೆಯ ಮೇಲೆ ಹೂಗಳನ್ನು ಸುತ್ತುಸುತ್ತಾಗಿ ಗೋಪುರದಂತೆ ಜೋಡಿಸುತ್ತಾರೆ. ತಂಗೇಡು ಮತ್ತು ಗುನುಗು (ನಮ್ಮ ಅಣ್ಣೆಹೂವು) ಇಲ್ಲದೆ ಆ ಗೋಪುರ ಏಳುವುದಿಲ್ಲ. ಹೆಂಗಸರು ಅದರ ಸುತ್ತ ಚಪ್ಪಾಳೆ ತಟ್ಟಿ ಹಾಡಿ ಕೊನೆಗೆ ಕೆರೆಗೆ ಬಿಡುತ್ತಾರೆ. 2014ರಲ್ಲಿ ಹೊಸ ರಾಜ್ಯವಾದಾಗ ತೆಲಂಗಾಣ ತಂಗೇಡನ್ನೇ ರಾಜ್ಯಪುಷ್ಪವೆಂದು ಆರಿಸಿಕೊಂಡಿತು. ಯಾರ ಹೂದೋಟದಲ್ಲೂ ಇಲ್ಲದ, ಬೀಳುನೆಲದ ಹೂವೊಂದಕ್ಕೆ ಸಿಕ್ಕ ಆ ಮನ್ನಣೆ ನನಗೆ ತುಂಬ ಸರಿ ಎನಿಸುತ್ತದೆ.

ತಮಿಳುನಾಡಿನ ಹಳ್ಳಿಗಳಲ್ಲಿ ಪೊಂಗಲ್‌ನ ಮುನ್ನಾದಿನ ಬೇವಿನೆಲೆ, ಬಿಳಿಯ ಪೂಳೈ ಹೂವಿನೊಡನೆ ಆವಾರಂ ಹೂವಿನ ಕಟ್ಟನ್ನು ಮನೆಯ ಸೂರಿಗೆ ಸಿಕ್ಕಿಸುತ್ತಾರೆ. ನಮ್ಮಲ್ಲೂ ಮಧ್ಯ ಕರ್ನಾಟಕದ ಕಡೆ ದೀಪಾವಳಿಯಲ್ಲಿ ಬಾಗಿಲ ಮುಂದೆ ಸಗಣಿಯ ಮುದ್ದೆಗಳನ್ನಿಟ್ಟು ಪೂಜಿಸುವಾಗ ಹೊಲದಿಂದ ತಂದ ಅಣ್ಣೆಹೂವು, ಹುಚ್ಚೆಳ್ಳು ಹೂವು, ತಂಗಡಿ ಹೂವುಗಳನ್ನು ಸಿಕ್ಕಿಸುವ ರೂಢಿ ಉಂಟು. ಪೇಟೆಯಲ್ಲಿ ಈಗ ಆ ಜಾಗಕ್ಕೆ ಚೆಂಡುಹೂವು ಬಂದಿದೆ.

ಹಬ್ಬದಾಚೆಗೂ ಇದರ ಬಳಕೆಗಳು ಅನೇಕ. ಕೊಂಬೆ ಹಲ್ಲುಕಡ್ಡಿಗೆ ಆಗುತ್ತದೆ. ಒಣಗಿಸಿದ ಹೂವಿನ ಪುಡಿಯನ್ನು ಸೀಗೆಪುಡಿಯೊಡನೆ ಬೆರೆಸಿ ತಲೆಗೆ ಹಚ್ಚುತ್ತಾರೆ. ಸೊಪ್ಪನ್ನು ಕಡಿದು ಗದ್ದೆಗೆ ತುಳಿಸುವುದು ಹಳೆಯ ಪದ್ಧತಿ. ಚೌಳು ಹಿಡಿದ ನೆಲಕ್ಕೆ ಈ ಸೊಪ್ಪಿನ ಗೊಬ್ಬರ ಒಳ್ಳೆಯದೆಂದು ಭತ್ತ ಬೆಳೆಯುವವರು ಬಲ್ಲರು.

ಬಿತ್ತುವುದು ಹೇಗೆ?

ರಸ್ತೆಬದಿಯಿಂದ ಬಲಿತ ಗಿಡ ಕಿತ್ತು ತಂದು ನೆಡಬೇಡಿ. ತಾಯಿಬೇರು ತುಂಡಾದ ತಂಗಡಿ ಬದುಕುವುದು ಅಪರೂಪ. ಬೀಜದಿಂದ ಬೆಳೆಸುವುದೇ ಸರಿಯಾದ ದಾರಿ, ಸುಲಭದ ದಾರಿಯೂ ಹೌದು.

ಹೂವಿನ ಭರಾಟೆ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ. ಸಂಕ್ರಾಂತಿಯಿಂದ ಯುಗಾದಿಯೊಳಗೆ ಕಾಯಿಗಳು ಒಣಗಿ ಕಂದುಬಣ್ಣಕ್ಕೆ ತಿರುಗುತ್ತವೆ. ಬಣ್ಣ ತಿರುಗಿದ, ಹುಳ ಕೊರೆಯದ ಕಾಯಿಗಳನ್ನು ಆರಿಸಿ, ಒಂದೆರಡು ದಿನ ಒಣಗಿಸಿ, ಬಟ್ಟೆಯ ಚೀಲದಲ್ಲಿಡಿ. ಎಲ್ಲ ಕಾಯಿಗಳನ್ನೂ ಒಂದೇ ಗಿಡದಿಂದ ಬಿಡಿಸದೆ, ಐದಾರು ಗಿಡಗಳಿಂದ ತುಸು ತುಸು ತಂದರೆ ಸಸಿಗಳಲ್ಲಿ ವೈವಿಧ್ಯವಿರುತ್ತದೆ.

ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೇ ಬಿತ್ತಿದರೆ ಕೆಲವು ಈ ವರ್ಷ ಮೊಳೆಯುತ್ತವೆ, ಕೆಲವು ಮುಂದಿನ ಮಳೆಗಾಲಕ್ಕೆ ಕಾಯುತ್ತವೆ. ಕಾಡಿನಲ್ಲಿ ಬರಗಾಲ ದಾಟಲು ಇದು ಒಳ್ಳೆಯ ಉಪಾಯ, ನಮ್ಮ ಅಂಗಳಕ್ಕೆ ಆಗದು. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ, ಹಾಗೆಯೇ ಆರಲು ಬಿಟ್ಟು ಬೆಳಗಿನ ತನಕ ಇಡಿ. ಒಲೆಯ ಮೇಲಿಟ್ಟು ಬೀಜ ಕುದಿಸಿದರೆ ಮಾತ್ರ ಸತ್ತೇಹೋಗುತ್ತದೆ. ಬೆಳಗ್ಗೆ ನೋಡಿದಾಗ ಉಬ್ಬಿದ ಬೀಜಗಳು ಬಿತ್ತಲು ತಯಾರು. ಉಬ್ಬದವನ್ನು ಮರಳುಕಾಗದಕ್ಕೆ ಒಂದು ಬದಿ ಉಜ್ಜಿ ಮತ್ತೆ ನೆನೆಸಿ.

ಮುಂಗಾರು ಹಿಡಿದಾಗ, ಜೂನ್‌ನಿಂದ ಜುಲೈ ನಡುವೆ, ಗಿಡ ಎಲ್ಲಿ ಇರಬೇಕೋ ಅಲ್ಲಿಯೇ ನೇರವಾಗಿ ಮೂರ್ನಾಲ್ಕು ಬೀಜ ಊರುವುದು ಉತ್ತಮ. ಉಗುರುದ್ದದ ಆಳ ಸಾಕು. ಸಸಿ ಮಾಡಿಯೇ ನೆಡುವುದಾದರೆ ಉದ್ದನೆಯ ಪಾಲಿಥಿನ್ ಚೀಲ ಬಳಸಿ, ಬೇರು ತಳ ಮುಟ್ಟಿ ಸುತ್ತಿಕೊಳ್ಳುವ ಮುಂಚೆ ನೆಲಕ್ಕೆ ಸೇರಿಸಿ.

ಜಾಗದ ವಿಷಯದಲ್ಲಿ ಎರಡೇ ಷರತ್ತು: ಇಡೀ ದಿನದ ಬಿಸಿಲು, ನೀರು ನಿಲ್ಲದ ನೆಲ. ಮಾವಿನ ಮರದ ನೆರಳಲ್ಲಿ ನೆಟ್ಟರೆ ಕಡ್ಡಿಯಂತೆ ಉದ್ದ ಬೆಳೆದು ಹೂ ಬಿಡಲು ಹಿಂಜರಿಯುತ್ತದೆ. ಜೇಡಿನೆಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಕರಾವಳಿ, ಮಲೆನಾಡಿನ ಸುರಿಮಳೆಯ ಊರಿನವರಿಗೆ ನಾನು ಇದನ್ನು ಹೇಳುವುದಿಲ್ಲ. ಅಲ್ಲಿನ ನೆಲಕ್ಕೆ ಒಗ್ಗಿದ ಹೂಗಿಡಗಳು ಬೇಕಾದಷ್ಟಿವೆ. ಮಿಕ್ಕಂತೆ ಮರಳು, ಗರಸು, ಕಲ್ಲು, ಕಟ್ಟಡದ ಚೂರು ಬೆರೆತ ಮಣ್ಣು ಯಾವುದಾದರೂ ನಡೆಯುತ್ತದೆ.

ಗುಂಡಿಗೆ ಗೊಬ್ಬರ ಸುರಿಯುವ ಅಗತ್ಯವಿಲ್ಲ. ಹೆಚ್ಚು ಗೊಬ್ಬರ, ಹೆಚ್ಚು ನೀರು ಕೊಟ್ಟರೆ ಎಲೆ ಸೊಂಪಾಗಿ ಹೂ ಕಡಿಮೆಯಾಗುತ್ತದೆ. ದ್ವಿದಳ ಗಿಡ ಅಂದಮೇಲೆ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ ಎಂದು ಕೆಲವರು ನಂಬಿದ್ದಾರೆ. ತೊಗರಿ, ಅಲಸಂದೆಗಳ ಹಾಗೆ ಇದರ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ಇದು ಮಣ್ಣಿಗೆ ಕೊಡುವುದು ಉದುರಿದ ಸೊಪ್ಪಿನ ಮೂಲಕ.

ಮೊದಲ ವರ್ಷ ಮಳೆ ಕೈಕೊಟ್ಟಾಗ ವಾರಕ್ಕೊಂದು ಕೊಡ ನೀರು ಕೊಡಿ. ಬೇಸಿಗೆಯಲ್ಲಿ ಬುಡಕ್ಕೆ ಒಣಗಿದ ಎಲೆ ಹೊದಿಸಿ. ಎರಡನೆಯ ವರ್ಷದಿಂದ ಪೈಪು ಹಿಡಿಯುವ ಕೆಲಸವಿಲ್ಲ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಮೊದಲ ಹೂಗಳು ಕಾಣಿಸಿಕೊಳ್ಳುತ್ತವೆ.

ಕತ್ತರಿ ಹಿಡಿಯುವ ಹೊತ್ತು

ತಂಗಡಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಕತ್ತರಿ ಕಾಣದ ಗಿಡ ನಾಲ್ಕೈದು ವರ್ಷಕ್ಕೆ ಬುಡ ಬೋಳಾಗಿ, ತುದಿಯಲ್ಲಿ ಮಾತ್ರ ಎಲೆ ಉಳಿಸಿಕೊಂಡು ನಿಲ್ಲುತ್ತದೆ. ಕಾಯಿ ಬಿಡಿಸಿಕೊಂಡ ಮೇಲೆ, ಬೇಸಿಗೆಯ ಮೊದಲ ಮಳೆಗೆ ಮುಂಚೆ, ಮೊಣಕಾಲಿನಿಂದ ಸೊಂಟದ ಎತ್ತರಕ್ಕೆ ಕತ್ತರಿಸಿಬಿಡಿ. ಕಡಿದಷ್ಟೂ ಚಿಗುರುವ ಜಾತಿ ಇದು. ಶತಮಾನಗಳ ಕಾಲ ಚಕ್ಕೆಗಾಗಿ ಕಡಿಸಿಕೊಂಡೂ ಬಾಳಿದ್ದು ಹಾಗೆಯೇ. ಮಳೆ ನಡುವೆ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ.

ಬೇಲಿಯಾಗಿ ಬೇಕಾದರೆ ಮೂರು ನಾಲ್ಕು ಅಡಿಗೊಂದರಂತೆ ಸಾಲು ಹಿಡಿಯಿರಿ. ಮುಳ್ಳಿಲ್ಲದ ಕಾರಣ ಇದು ದಾಟದಂತೆ ತಡೆಯುವ ಬೇಲಿಯಾಗುವುದಿಲ್ಲ. ಧೂಳು ತಡೆಯುತ್ತದೆ, ಕಣ್ಣಿಗೆ ಮರೆಯಾಗುತ್ತದೆ. ಒಂಟಿ ಪೊದೆಯಾದರೆ ಸುತ್ತ ಐದಾರು ಅಡಿ ಬಿಡಿ. ತಾರಸಿಯಲ್ಲಿ ಬೆಳೆಸುವವರು ಆಳವಾದ ಡ್ರಮ್ಮನ್ನೇ ಆರಿಸಿಕೊಂಡು, ತಳದಲ್ಲಿ ನೀರು ಹರಿಯುವಂತೆ ನೋಡಿಕೊಂಡು, ಅರ್ಧ ಮಣ್ಣು ಅರ್ಧ ಮರಳು ತುಂಬಿದರೆ ಸಾಕು.

ಹಳದಿಯೆಲ್ಲ ಒಂದೇ ಅಲ್ಲ

ನರ್ಸರಿಯಲ್ಲಿ ತಂಗಡಿ ಕೇಳಿದರೆ ಬೇರೆ ಏನೋ ಕೈಗೆ ಬರುವ ಸಾಧ್ಯತೆಯಿದೆ. ಸೀಮೆತಂಗಡಿ ಆಗ್ನೇಯ ಏಷ್ಯಾದಿಂದ ಬಂದ ದೊಡ್ಡ ಮರ, ರಸ್ತೆಬದಿಗೆ ನೆಡುತ್ತಿದ್ದುದು. ಹಳದಿ ಕಣಗಿಲೆ ಸದಾ ಹಸಿರಾಗಿದ್ದು ವರ್ಷವಿಡೀ ಹೂ ಕೊಡುತ್ತದೆ ನಿಜ, ಆದರೆ ಅದರ ಬೀಜ ಹೃದಯಕ್ಕೆ ಮಾರಕವಾದ ವಿಷ. ಮಕ್ಕಳಿರುವ ಮನೆಯಂಗಳದಲ್ಲಿ ಅದಕ್ಕೆ ಜಾಗವಿರಬಾರದು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕ ಮೂಲದ ಮರದ ಬಗ್ಗೆ. ನೆರಳಿಗೆ, ಅಂದಕ್ಕೆ ಎಂದು ತಂದು ನೆಟ್ಟದ್ದು ಇಂದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನಬೆಟ್ಟ, ಮುದುಮಲೈ, ವಯನಾಡಿನ ಕಾಡುಗಳನ್ನು ಹೊಕ್ಕಿದೆ. ಅದು ದಟ್ಟವಾಗಿ ಎದ್ದ ಕಡೆ ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಹುಲ್ಲಿಲ್ಲದೆಡೆ ಜಿಂಕೆ, ಕಾಟಿ, ಆನೆಗಳಿಗೆ ಮೇವಿಲ್ಲ. ಕಡಿದರೆ ಬುಡದಿಂದ ಹತ್ತಾರು ಚಿಗುರೊಡೆಯುತ್ತದೆ. ಹೂ ಬಿಟ್ಟಾಗ ಕಣ್ಣು ಸೆಳೆಯುವಷ್ಟು ಚೆಂದ. ಆ ಚೆಂದಕ್ಕೆ ಮರುಳಾಗಿ ತೋಟದ ಅಂಚಿಗೆ, ರೆಸಾರ್ಟಿನ ದಾರಿಗೆ ಅದನ್ನು ನೆಡುವುದು ಕಾಡಿಗೆ ಮಾಡುವ ದ್ರೋಹ.

ತಂಗಡಿ ನಮ್ಮದೇ ನೆಲದ್ದು. ಅದರ ಎಲೆ ತಿನ್ನುವ ಹುಳುಗಳಿವೆ, ಬೀಜ ಕೊರೆಯುವ ಕೀಟಗಳಿವೆ. ಅದು ಎಷ್ಟು ಹಬ್ಬಬೇಕೆಂಬುದಕ್ಕೆ ಇಲ್ಲಿ ಮೊದಲಿನಿಂದಲೂ ಒಂದು ಲೆಕ್ಕವಿದೆ.

ಕಷಾಯದ ಬಗ್ಗೆ ಒಂದು ಮಾತು

ತಂಗಡಿ ಹೂವಿನ ಚಹಾ, ಪುಡಿ, ಕಷಾಯಗಳು ಈಗ ಪೊಟ್ಟಣಗಳಲ್ಲಿ ಸಿಗುತ್ತವೆ. ಶ್ರೀಲಂಕಾದಲ್ಲಿ ರಣವರ ಎಂಬ ಹೆಸರಿನಲ್ಲಿ ಇದನ್ನು ಬಹುಕಾಲದಿಂದ ಕುಡಿಯುತ್ತಾರೆ. ಸಿದ್ಧ ಪದ್ಧತಿಯಲ್ಲಿ ಸಕ್ಕರೆ ಕಾಯಿಲೆಗೆ ಆವಾರೈ ಕುಡಿನೀರ್ ಎಂಬ ಕಷಾಯ ಪ್ರಸಿದ್ಧ. ಪ್ರಯೋಗಾಲಯದ ಪ್ರಾಣಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ರಕ್ತದ ಸಕ್ಕರೆ ಇಳಿದದ್ದುಂಟು. ಅಷ್ಟರಿಂದಲೇ ಮಾತ್ರೆ, ಇನ್ಸುಲಿನ್ ನಿಲ್ಲಿಸಿ ಹೂವಿನ ಕಷಾಯಕ್ಕೆ ಬೀಳುವುದು ಅಪಾಯ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಲೇಬೇಕು. ಬಸುರಿಯರು, ಬಾಣಂತಿಯರು ದೂರವಿರುವುದು ಲೇಸು.

ಗುರುತು ತಪ್ಪುವ ಅಪಾಯವೂ ಇದೆ. ಇದೇ ಕುಲದ, ಹಳದಿ ಹೂವಿನದೇ ಆದ ಸೆನ್ನಾ ಆಕ್ಸಿಡೆಂಟಾಲಿಸ್ ಎಂಬ ಕಳೆಗಿಡ ತಿಪ್ಪೆಯ ಪಕ್ಕ, ಖಾಲಿ ನಿವೇಶನಗಳಲ್ಲಿ ಬೆಳೆಯುತ್ತದೆ. ಹಿಂದಿಯಲ್ಲಿ ಅದನ್ನು ಕಸೌಂದಿ ಎನ್ನುತ್ತಾರೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷವರ್ಷವೂ ಪುಟ್ಟ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ, ಮಿದುಳು ಜ್ವರವೆಂದು ತಿಳಿದಿದ್ದ ಕಾಯಿಲೆ ಆ ಗಿಡದ ಕಾಯಿ ತಿಂದದ್ದರ ಪರಿಣಾಮವೆಂದು ಈ ಶತಮಾನದ ಮೊದಲ ದಶಕದಲ್ಲಿ ವೈದ್ಯರು ಪತ್ತೆ ಹಚ್ಚಿದರು. ಹಾಗಾಗಿ ಎಲೆದಂಟಿನ ಬುಡದ ಅಗಲವಾದ ಕಿವಿ ಮತ್ತು ಕಾಗದದಂಥ ಚಪ್ಪಟೆ ಕಾಯಿ ನೋಡದೆ ಯಾವ ಹಳದಿ ಹೂವನ್ನೂ ತಂಗಡಿ ಎನ್ನಬೇಡಿ. ಅಂಗಳದ ಗಿಡದ ಕಾಯಿಯನ್ನು ಬಾಯಿಗೆ ಹಾಕಬಾರದೆಂದು ಮಕ್ಕಳಿಗೆ ಹೇಳಿಕೊಡಿ.

ಬಂಜರು ಎಂಬ ಹಣೆಪಟ್ಟಿ

ತಂಗಡಿ ಇನ್ನೂ ಅಳಿವಿನಂಚಿನ ಗಿಡವಾಗಿಲ್ಲ. ಆದರೆ ಅದು ಬೆಳೆಯುವ ನೆಲಕ್ಕೆ ಕಂದಾಯದ ಕಡತಗಳಲ್ಲಿ ಬಂಜರು, ಖರಾಬು ಎಂದೇ ಹೆಸರು. ಬಡಾವಣೆ, ಕ್ವಾರಿ, ಸೌರ ವಿದ್ಯುತ್ ಫಲಕ, ಷಟ್ಪಥ ರಸ್ತೆ, ಯಾವುದಕ್ಕೆ ಜಾಗ ಬೇಕಾದರೂ ಮೊದಲು ಕೈಹಾಕುವುದು ಅಂಥ ನೆಲಕ್ಕೆ. ಹಸಿರು ಮಾಡುತ್ತೇವೆಂದು ಹೊರಟವರೂ ಪೊದೆಗಳನ್ನು ಸವರಿ ನೀಲಗಿರಿ, ಅಕೇಶಿಯ ನೆಟ್ಟ ಕಾಲವೊಂದಿತ್ತು. ಕುರುಚಲು ಕಾಡು ಕೂಡ ಕಾಡು; ತಂಗಡಿ, ಕವಳಿ, ಬಾರೆ, ಬಂದರಿಕೆಗಳ ನಡುವೆ ಮೊಲ, ಕೌಜುಗ, ನರಿಗಳು ಬಾಳುತ್ತವೆ. ಮನೆಯಂಗಳದ ಒಂದು ಪೊದೆ ಆ ನೆಲವನ್ನು ಉಳಿಸಲಾರದು ಎಂಬುದು ನನಗೆ ಗೊತ್ತು. ಆದರೆ ಗಿಡವನ್ನು ದಿನಾ ನೋಡುವವರು, ಅದರ ದುಂಬಿಯನ್ನು ಬಲ್ಲವರು, ಊರಾಚೆಯ ಗೋಮಾಳದಲ್ಲಿ ಯಂತ್ರ ನಿಂತಾಗ ಪಂಚಾಯಿತಿಯಲ್ಲಿ ಎದ್ದು ಪ್ರಶ್ನೆ ಕೇಳುವ ಸಾಧ್ಯತೆ ಹೆಚ್ಚು.

ಶಾಲೆಯ ಕಾಂಪೌಂಡು, ಬಸ್ ನಿಲ್ದಾಣದ ಅಂಚು, ಹೆದ್ದಾರಿಯ ನಡುವಿನ ಪಟ್ಟಿ ಇವೆಲ್ಲ ತಂಗಡಿಗೆ ಹೇಳಿ ಮಾಡಿಸಿದ ಜಾಗಗಳು. ಟ್ಯಾಂಕರಿನಲ್ಲಿ ನೀರು ಹೊತ್ತು ಪರದೇಶದ ಗಿಡ ಸಾಕುವ ನಗರಸಭೆಗಳು, ಹೆದ್ದಾರಿ ಗುತ್ತಿಗೆದಾರರು ಬಯಲುಸೀಮೆಯಲ್ಲಾದರೂ ಇದನ್ನು ನೆಡಲು ಮುಂದಾಗಬೇಕು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳು ಹೊಂಗೆ, ಬೇವಿನ ಜೊತೆಗೆ ತಂಗಡಿಯ ಸಸಿಯನ್ನೂ ಬೆಳೆಸಿ ಜನರಿಗೆ ಕೊಡಬೇಕು.

ಅಲ್ಲಿಯತನಕ ಕಾಯಬೇಕಾಗಿಲ್ಲ. ಈ ಚಳಿಗಾಲದಲ್ಲಿ ಊರಿಗೆ ಹೋದಾಗ ಹೂ ಬಿಟ್ಟ ಗಿಡಗಳನ್ನು ಗುರುತಿಟ್ಟುಕೊಳ್ಳಿ, ಸಂಕ್ರಾಂತಿ ಕಳೆದ ಮೇಲೆ ಒಂದು ಹಿಡಿ ಒಣಗಾಯಿ ತನ್ನಿ, ಮುಂಗಾರಿನ ಮೊದಲ ಹದಕ್ಕೆ ಬಿತ್ತಿ. ಮಿಕ್ಕ ಬೀಜವನ್ನು ನೆರೆಮನೆಯವರಿಗೆ ಕೊಡಿ.